ಎಕ್ಸ್‌ರೇಲಿ ಮೂಳೆ ಬೆಳ್ಳಗೆ ಯಾಕೆ ಕಾಣುತ್ತೆ, ತೀರಾ ಬೆಳ್ಳಗಿದ್ರೆ ಯಾಕೆ ಯೋಚನೆ ಮಾಡ್ಬೇಕು

ಮೂಳೆ ಬಣ್ಣ ಬಿಳಿ, ಅದಕ್ಕೇ ಎಕ್ಸ್‌ರೇಲೂ ಬೆಳ್ಳಗೆ ಬರುತ್ತೆ ಅಂತ ಅಂದ್ಕೊಂಡಿರೋರು ತುಂಬಾ ಜನ ಇದ್ದಾರೆ, ಚೆನ್ನಾಗಿ ಓದಿರೋರೂ ಅದ್ರಲ್ಲಿ ಇದ್ದಾರೆ. ನಾನು ದಾವಣಗೆರೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್, ಜಗಳೂರು, ಹರಿಹರ, ಹೊಳಲ್ಕೆರೆ, ಚಳ್ಳಕೆರೆ ಕಡೆಯಿಂದೆಲ್ಲ ಪೇಷಂಟ್‌ಗಳು ಬರ್ತಾರೆ, ಫಿಲಂ ಕೈಗೆ ಕೊಟ್ಟ ತಕ್ಷಣ ಟ್ಯೂಬ್‌ಲೈಟ್ ಕಡೆ ಎತ್ತಿ ಹಿಡಿದು "ಸಾರ್, ಎಲುಬು ಬೆಳ್ಳಗೈತಲ್ರೀ, ಗಟ್ಟಿ ಐತೆ ಅಂತ ತಾನೆ?" ಅಂತ ಕೇಳ್ತಾರೆ. ಹಿಂದೆ ಇನ್ನಿಪ್ಪತ್ತು ಜನ ಕಾಯ್ತಿರ್ತಾರೆ, ನಿಂತಲ್ಲೇ ಹೇಳಿ ಮುಗಿಸೋ ವಿಷಯ ಅಲ್ಲ ಇದು, "ಡಾಕ್ಟ್ರು ನೋಡಿ ಹೇಳ್ತಾರೆ ಅಮ್ಮಾ" ಅಂದು ಕಳಿಸ್ಬೇಕಾಗುತ್ತೆ. ಆದ್ರೆ ಆ ಪ್ರಶ್ನೆ ನಮ್ಮ ಕಡೆ ಜನಕ್ಕೆ ಬೇರೆ ಊರೋರಿಗಿಂತ ಜಾಸ್ತಿ ಮುಖ್ಯ, ಯಾಕೆ ಅನ್ನೋದು ಕೊನೆಗೆ ಬರುತ್ತೆ, ಅದಕ್ಕೆ ಮುಂಚೆ ಮಷೀನ್ ಹೆಂಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಂಡ್ರೆ ಮಿಕ್ಕಿದ್ದು ತಾನಾಗೇ ಅರ್ಥ ಆಗುತ್ತೆ.

ಎಕ್ಸ್‌ರೇ ಅಂದ್ರೆ ನೆರಳು. ಕರೆಂಟ್ ಹೋದಾಗ ಮೇಣದಬತ್ತಿ ಮುಂದೆ ಕೈ ಹಿಡಿದು ಗೋಡೆ ಮೇಲೆ ಮೊಲ, ಜಿಂಕೆ ಮಾಡಿ ಮಕ್ಕಳಿಗೆ ತೋರಿಸ್ತೀವಲ್ಲ, ಅದೇ ಲೆಕ್ಕ. ಬತ್ತಿ ಜಾಗದಲ್ಲಿ ಎಕ್ಸ್‌ರೇ ಟ್ಯೂಬು, ಕೈ ಜಾಗದಲ್ಲಿ ಪೇಷಂಟು, ಗೋಡೆ ಜಾಗದಲ್ಲಿ ಫಿಲಂ ಇಲ್ಲಾ ಡಿಜಿಟಲ್ ಪ್ಲೇಟು. ಬೆಳಕನ್ನ ಕೈ ಪೂರ್ತಿ ತಡೆಯುತ್ತೆ, ಎಕ್ಸ್‌ರೇ ಕಿರಣ ಕೈಯೊಳಗೇ ತೂರಿ ಆ ಕಡೆ ಬರುತ್ತೆ, ಆದ್ರೆ ಎಲ್ಲಾ ಕಡೆ ಒಂದೇ ಸಮ ಬರಲ್ಲ, ಕೆಲವು ಕಡೆ ಜಾಸ್ತಿ ನುಂಗಿಹೋಗುತ್ತೆ ಕೆಲವು ಕಡೆ ಕಮ್ಮಿ. ಕಿರಣ ಬಿದ್ದಷ್ಟೂ ಫಿಲಂ ಕಪ್ಪಾಗುತ್ತೆ. ಹಂಗಾಗಿ ಕಪ್ಪು ಅಂದ್ರೆ ಕಿರಣ ಆರಾಮಾಗಿ ದಾಟಿ ಬಂದ ಜಾಗ, ಬಿಳಿ ಅಂದ್ರೆ ದಾರಿಯಲ್ಲೇ ಎಲ್ಲೋ ತಡೆದು ನಿಂತುಹೋದ ಜಾಗ, ಇದಕ್ಕೂ ಆ ವಸ್ತುವಿನ ನಿಜವಾದ ಬಣ್ಣಕ್ಕೂ ಏನೇನೂ ಸಂಬಂಧ ಇಲ್ಲ. ಗಾಳಿ ತುಂಬಿದ ಶ್ವಾಸಕೋಶ ಕಪ್ಪು, ಕೊಬ್ಬು ಗಾಢ ಬೂದು, ರಕ್ತ, ಮಾಂಸಖಂಡ, ನೀರು ಎಲ್ಲಾ ಸೇರಿ ಒಂದೇ ತರದ ತಿಳಿ ಬೂದು, ಮೂಳೆ ಬಿಳಿ, ಲೋಹ ಅಚ್ಚ ಬಿಳಿ. ಹೃದಯದ ಗೋಡೆ, ಒಳಗಿರೋ ರಕ್ತ, ಎರಡೂ ಒಂದೇ ಬೂದು ಆಗಿರೋದ್ರಿಂದ ಎದೆ ಎಕ್ಸ್‌ರೇಲಿ ಹೃದಯದ ಅಂಚು ಮಾತ್ರ ಕಾಣೋದು, ಒಳಗಿನ ವಾಲ್ವ್ ಕಾಣಲ್ಲ. ಮೊಣಕಾಲಿನ ಲಿಗಮೆಂಟ್, ಅಂದ್ರೆ ಮೂಳೆಗೆ ಮೂಳೆ ಬಿಗಿಯೋ ಪಟ್ಟಿ, ಹರಿದಿದ್ರೂ ಹಂಗೇ, "ಎಕ್ಸ್‌ರೇ ನಾರ್ಮಲ್ ಅಂದ್ರು, ಆದ್ರೂ ನೋವು ಹೋಗ್ತಿಲ್ಲ" ಅಂತ ಜನ ಬೇಜಾರು ಮಾಡ್ಕೊಳ್ತಾರೆ, ಅಲ್ಲಿ ಯಾರದ್ದೂ ತಪ್ಪಿಲ್ಲ, ಆ ಲಿಗಮೆಂಟಿನ ನೆರಳೂ ಪಕ್ಕದ ಮಾಂಸದ ನೆರಳೂ ಒಂದೇ ಬೂದು.

ಮೂಳೆ ಯಾಕೆ ಜಾಸ್ತಿ ತಡೆಯುತ್ತೆ ಅಂದ್ರೆ ಕ್ಯಾಲ್ಸಿಯಂ. ನಮ್ಮ ಮೈಯಲ್ಲಿ ಹೆಚ್ಚಾಗಿ ಇರೋದು ಹೈಡ್ರೋಜನ್, ಕಾರ್ಬನ್, ಆಕ್ಸಿಜನ್ ತರದ ಹಗುರ ಮೂಲವಸ್ತುಗಳು, ಕಾರ್ಬನ್ ಪರಮಾಣು ಸಂಖ್ಯೆ 6, ಆಕ್ಸಿಜನ್‌ದು 8, ಕ್ಯಾಲ್ಸಿಯಂದು 20. ಎಕ್ಸ್‌ರೇ ಕಿರಣ ಒಂದು ಪರಮಾಣುವಿಗೆ ಬಡಿದು ಅದರ ಒಳಗಿನ ಎಲೆಕ್ಟ್ರಾನನ್ನ ಕಿತ್ತು ಹೊರಗೆ ಹಾಕಿ ತಾನು ಅಲ್ಲೇ ಮುಗಿದುಹೋಗೋ ಸಾಧ್ಯತೆ ಈ ಸಂಖ್ಯೆಯ ಮೂರನೇ ಘಾತದ ಲೆಕ್ಕದಲ್ಲಿ ಏರುತ್ತೆ, ಅಂದ್ರೆ ಸಂಖ್ಯೆ ಎರಡು ಪಟ್ಟಾದ್ರೆ ತಡೆಯೋದು ಹೆಚ್ಚುಕಮ್ಮಿ ಎಂಟು ಪಟ್ಟು. ಈ ಲೆಕ್ಕದಲ್ಲಿ ತೂಕಕ್ಕೆ ತೂಕ ಇಟ್ರೆ ಕ್ಯಾಲ್ಸಿಯಂ ಆಕ್ಸಿಜನ್‌ಗಿಂತ ಸುಮಾರು 15 ಪಟ್ಟು ಜಾಸ್ತಿ ನುಂಗುತ್ತೆ. ಹೊಟ್ಟೆ, ಅನ್ನನಾಳ ನೋಡ್ಬೇಕಾದ್ರೆ ಬಿಳೀ ಬೇರಿಯಂ ದ್ರವ ಕುಡಿಸೋದೂ ಇದಕ್ಕೇ, ಬೇರಿಯಂ ಸಂಖ್ಯೆ 56, ರಕ್ತನಾಳಕ್ಕೆ ಕೊಡೋ ಕಾಂಟ್ರಾಸ್ಟ್ ಇಂಜೆಕ್ಷನ್‌ನಲ್ಲಿರೋ ಅಯೋಡಿನ್ 53, ನಾವು ಹಾಕ್ಕೊಳ್ಳೋ ಏಪ್ರನ್‌ನಲ್ಲಿರೋ ಸೀಸ 82. ಈ ಒಂದು ಘಾತದ ಲೆಕ್ಕ ಗೊತ್ತಿದ್ರೆ ಎಕ್ಸ್‌ರೇ ಡಿಪಾರ್ಟ್‌ಮೆಂಟ್‌ನ ಅರ್ಧ ವಿಷಯ ಗೊತ್ತಾದಂಗೆ.

ಇನ್ನೊಂದು, ಕಿರಣದ ಜೋರು. ಟ್ಯೂಬಿಗೆ ಎಷ್ಟು ಕಿಲೋವೋಲ್ಟ್ ಕೊಡ್ತೀವಿ ಅನ್ನೋದರ ಮೇಲೆ ಅದು ಎಷ್ಟು ತೂರುತ್ತೆ ಅನ್ನೋದು ನಿಂತಿದೆ. ಕೈ ಬೆರಳಿಗೆ 50 ಕಿಲೋವೋಲ್ಟ್ ಆಸುಪಾಸು ಸಾಕು, ಎದೆಗೆ 110, 120 ತನಕ ಹೋಗ್ತೀವಿ. ಜೋರು ಜಾಸ್ತಿಯಾದಷ್ಟೂ ಮೂಳೆಗೂ ಮಾಂಸಕ್ಕೂ ಇರೋ ವ್ಯತ್ಯಾಸ ಕಮ್ಮಿ ಆಗ್ತಾ ಹೋಗುತ್ತೆ, ಎದೆಗೆ ಅದೇ ಬೇಕು, ಪಕ್ಕೆಲುಬು ಮಸುಕಾಗಿ ಹಿಂದಿರೋ ಶ್ವಾಸಕೋಶ ಚೆನ್ನಾಗಿ ಕಾಣಲಿ ಅಂತ. ಅದೇ ಎದೆಗೆ ಬಿದ್ದು ಪಕ್ಕೆಲುಬು ಮುರಿದಿದೆಯಾ ನೋಡ್ಬೇಕು ಅಂದ್ರೆ ಕಮ್ಮಿ ಮಾಡ್ತೀವಿ. ಪೇಷಂಟ್ ಒಳಗೆ ಬಂದ ತಕ್ಷಣ ನಾವು ಮೇಲಿಂದ ಕೆಳಗೆ ಒಂದು ಸಲ ನೋಡೋದು ಇದಕ್ಕೇ, ಸಣ್ಣಗಿದಾರಾ ದಪ್ಪಗಿದಾರಾ ಅಂತ ಅಳತೆ ಹಾಕ್ತಿರ್ತೀವಿ.

ಈಗ ಇದು ಶುರುವಾಗಿದ್ದು ಹೆಂಗೆ ಅಂತ. 1895ನೇ ಇಸವಿ ನವೆಂಬರ್ 8, ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ಯೂನಿವರ್ಸಿಟಿ, ವಿಲ್ಹೆಲ್ಮ್ ರಾಂಟ್‌ಗೆನ್ ಅನ್ನೋ ಭೌತಶಾಸ್ತ್ರದ ಪ್ರೊಫೆಸರ್ ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಹೈ ವೋಲ್ಟೇಜ್ ಕರೆಂಟ್ ಹರಿಸಿ ಪ್ರಯೋಗ ಮಾಡ್ತಿದ್ರು. ಕೊಳವೆಗೆ ಕಪ್ಪು ರಟ್ಟು ಸುತ್ತಿ ರೂಂ ಕತ್ತಲೆ ಮಾಡಿದ್ರು, ಆದ್ರೂ ದೂರದಲ್ಲಿದ್ದ ಬೇರಿಯಂ ಪ್ಲಾಟಿನೋಸಯನೈಡ್ ಹಚ್ಚಿದ ಪರದೆ ಮಿನುಗಕ್ಕೆ ಶುರುವಾಯ್ತು. ರಟ್ಟು ದಾಟಿ ಏನೋ ಬರ್ತಿದೆ. ಇಂಥದ್ದೇ ಕೊಳವೆ ಇಟ್ಕೊಂಡು ಯೂರೋಪಿನ ಎಷ್ಟೋ ಲ್ಯಾಬ್‌ಗಳಲ್ಲಿ ಎಷ್ಟೋ ಜನ ಕೆಲಸ ಮಾಡ್ತಿದ್ರು, ಆ ಮಿನುಗನ್ನ ಬಿಡದೆ ಹಿಂಬಾಲಿಸಿದ್ದು ಇವರು. ಏಳು ವಾರ ಯಾರಿಗೂ ಹೆಚ್ಚು ಹೇಳದೆ ಪುಸ್ತಕ ಇಟ್ಟು, ಮರ ಇಟ್ಟು, ಸೀಸ ಇಟ್ಟು ಏನು ದಾಟುತ್ತೆ ಏನು ದಾಟಲ್ಲ ಅಂತ ಪರೀಕ್ಷೆ ಮಾಡಿದ್ರು, ಡಿಸೆಂಬರ್ 22ಕ್ಕೆ ಹೆಂಡತಿ ಆನಾ ಬೆರ್ತಾ ಅವರ ಕೈಯನ್ನ ಫೋಟೋ ಪ್ಲೇಟ್ ಮೇಲೆ ಇಡಿಸಿ ಚಿತ್ರ ತೆಗೆದ್ರು, ಬೆರಳ ಮೂಳೆಗಳು, ಒಂದು ಬೆರಳಲ್ಲಿ ಉಂಗುರ. ಅದಕ್ಕೆ ಅವರು ಸುಮಾರು ಕಾಲು ಗಂಟೆ ಕೈ ಅಲ್ಲಾಡಿಸದೆ ಕೂರಬೇಕಾಯ್ತು, ಇವತ್ತು ಅದೇ ಕೈಗೆ ಸೆಕೆಂಡಿನ ಸಣ್ಣ ಪಾಲು ಸಾಕು.

ಡಿಸೆಂಬರ್ 28ಕ್ಕೆ ಪ್ರಬಂಧ ಕೊಟ್ರು, ಜನವರಿ ಮೊದಲ ವಾರಕ್ಕೆಲ್ಲ ಪೇಪರ್‌ಗಳಲ್ಲಿ ಸುದ್ದಿ. ಬೇಕಾದ ಸಾಮಾನು ಆಗ್ಲೇ ಎಷ್ಟೋ ಕಾಲೇಜುಗಳಲ್ಲಿ ಇತ್ತಲ್ಲ, ಹಂಗಾಗಿ 1896 ಮುಗಿಯೋದ್ರೊಳಗೆ ಪ್ರಪಂಚದ ಎಷ್ಟೋ ಆಸ್ಪತ್ರೆಗಳಲ್ಲಿ ಗುಂಡು ಹುಡುಕೋದು, ಮುರಿದ ಮೂಳೆ ನೋಡೋದು ಶುರುವಾಗಿಹೋಯ್ತು. ನಮ್ಮ ಉಪಖಂಡಕ್ಕೂ ಬೇಗ ಬಂತು, 1897-98ರಲ್ಲಿ ವಾಯವ್ಯ ಗಡಿಯ ತಿರಾ ದಂಡಯಾತ್ರೆಯಲ್ಲಿ ಬೀವರ್ ಅನ್ನೋ ಬ್ರಿಟಿಷ್ ಸೇನಾ ಸರ್ಜನ್ ಬೆಟ್ಟದ ದಾರಿಯಲ್ಲಿ ಎಕ್ಸ್‌ರೇ ಸಲಕರಣೆ ಸಾಗಿಸಿ ಗಾಯಗೊಂಡ ಸಿಪಾಯಿಗಳ ಮೈಯಲ್ಲಿದ್ದ ಗುಂಡು ಹುಡುಕಿದ್ದ. ರಾಂಟ್‌ಗೆನ್‌ಗೆ 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂತು. ಅವರು ಪೇಟೆಂಟ್ ತಗೊಳ್ಲಿಲ್ಲ, ಎಲ್ಲರಿಗೂ ಸಿಗಲಿ ಅಂತ ಬಿಟ್ರು. ನನಗೆ ಅವರ ಮೇಲೆ ತುಂಬಾ ಗೌರವ ಇರೋದು ಇದೇ ಕಾರಣಕ್ಕೆ, ತಾಲೂಕು ಆಸ್ಪತ್ರೆಯ ಸಣ್ಣ ಎಕ್ಸ್‌ರೇ ರೂಮಿನ ತನಕ ಇದು ಇಷ್ಟು ಬೇಗ ಬಂದು ತಲುಪಿದ್ರಲ್ಲಿ ಆ ನಿರ್ಧಾರದ ಪಾಲೂ ಇದೆ.

ಮೊದಮೊದಲ ಟ್ಯೂಬ್‌ಗಳನ್ನ ಮಾತ್ರ ನಂಬಂಗೇ ಇರ್ಲಿಲ್ಲ. ಒಳಗೆ ಚೂರು ಗ್ಯಾಸ್ ಉಳಿದಿರ್ಬೇಕಿತ್ತು, ಅದು ಹೆಚ್ಚುಕಮ್ಮಿ ಆದಂಗೆ ಕಿರಣವೂ ಬದಲಾಗೋದು, ಬೆಳಗ್ಗೆ ತೆಗೆದಂಗೆ ಮಧ್ಯಾಹ್ನ ಬರ್ತಿರ್ಲಿಲ್ಲ. 1913ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಕೂಲಿಡ್ಜ್ ಇದನ್ನ ಸರಿ ಮಾಡಿದ್ರು, ಇವತ್ತಿಗೂ ನಾವು ಬಳಸೋದು ಅವರ ವಿನ್ಯಾಸದ ಮಕ್ಕಳು ಮೊಮ್ಮಕ್ಕಳನ್ನೇ. ಒಂದು ತುದಿಯಲ್ಲಿ ಟಂಗ್‌ಸ್ಟನ್ ತಂತಿ, ಅದನ್ನ ಚೆನ್ನಾಗಿ ಕಾಯಿಸಿದ್ರೆ ಎಲೆಕ್ಟ್ರಾನ್‌ಗಳು ಹೊರಗೆ ಬರ್ತವೆ, ಎಷ್ಟು ಕಾಯಿಸ್ತೀವೋ ಅಷ್ಟು ಎಲೆಕ್ಟ್ರಾನ್, ಅದು ಮಿಲಿಆಂಪಿಯರ್ ಲೆಕ್ಕ. ಇನ್ನೊಂದು ತುದಿಯಲ್ಲಿ ಟಂಗ್‌ಸ್ಟನ್ ಗುರಿ. ನಡುವೆ ಕಿಲೋವೋಲ್ಟ್‌ಗಟ್ಟಲೆ ಕೊಟ್ರೆ ಎಲೆಕ್ಟ್ರಾನ್‌ಗಳು ಓಡಿ ಹೋಗಿ ಗುರಿಗೆ ಡಿಕ್ಕಿ ಹೊಡೆದು ಗಕ್ಕನೆ ನಿಲ್ತವೆ, ನಿಲ್ಲುವಾಗ ಕಳ್ಕೊಳ್ಳೋ ಶಕ್ತಿ ಎಕ್ಸ್‌ರೇ ಆಗಿ ಹೊರಗೆ ಬರುತ್ತೆ.

ಆದ್ರೆ ಅದ್ರಲ್ಲಿ ಎಕ್ಸ್‌ರೇ ಆಗೋದು ಬರೀ 1 ಪರ್ಸೆಂಟ್ ಆಸುಪಾಸು! ಉಳಿದ 99 ಪರ್ಸೆಂಟ್ ಬರೀ ಶಾಖ. ಟಂಗ್‌ಸ್ಟನ್ ಕರಗೋದು 3422 ಡಿಗ್ರಿಗೆ, ಅದನ್ನೇ ಆರಿಸ್ಕೊಂಡಿದ್ದು ಅದಕ್ಕೇ, ಆದ್ರೂ ಒಂದೇ ಜಾಗಕ್ಕೆ ಬಡೀತಿದ್ರೆ ಅದೂ ಗುಂಡಿ ಬೀಳುತ್ತೆ, ಹಂಗಾಗಿ ಗುರಿಯನ್ನ ತಟ್ಟೆ ಆಕಾರದಲ್ಲಿ ಮಾಡಿ ತಿರುಗಿಸ್ತಾರೆ, 1929ರಲ್ಲಿ ಫಿಲಿಪ್ಸ್ ಕಂಪನಿ ಇಂಥ ಟ್ಯೂಬ್ ತಂತು. ನಾವು ಸ್ವಿಚ್ ಅರ್ಧ ಒತ್ತಿದಾಗ ಗುರ್ರ್ ಅಂತ ಸದ್ದು ಬರುತ್ತಲ್ಲ, ಆ ತಟ್ಟೆ ನಿಮಿಷಕ್ಕೆ ಸುಮಾರು 3000 ಸುತ್ತಿನ ವೇಗಕ್ಕೆ ಏರ್ತಿರೋ ಸದ್ದು ಅದು, ಆಗ ಇನ್ನೂ ಕಿರಣ ಬಂದಿರಲ್ಲ, ಪೂರ್ತಿ ಒತ್ತಿದಾಗಷ್ಟೇ ಬರೋದು. ಸದ್ದು ಕೇಳಿ ಬೆಚ್ಚಿ ಅಲ್ಲಾಡೋರು ಇದನ್ನ ಗೊತ್ತು ಮಾಡ್ಕೊಂಡ್ರೆ ಒಳ್ಳೇದು, ಯಾಕಂದ್ರೆ ಅಲ್ಲಾಡಿದ್ರೆ ನೆರಳೂ ಅಲ್ಲಾಡಿ ಫಿಲಂ ಮಸುಕು, ಮತ್ತೆ ತೆಗೀಬೇಕು, ಮತ್ತೆ ಡೋಸು, ಅಂದ್ರೆ ಮೈಗೆ ಇನ್ನಷ್ಟು ಕಿರಣ. ಹಂಗೇ ಸ್ವಿಚ್ ಬಿಟ್ಟ ಮೇಲೆ ರೂಮಿನಲ್ಲಿ ಕಿರಣ ಉಳಿದಿರಲ್ಲ, ಗೋಡೆಗೆ ಅಂಟಿರಲ್ಲ, ಪೇಷಂಟ್ ಮೈಯಿಂದ ಮನೆ ಮಂದಿಗೆ ಹರಡಲ್ಲ. ಎಕ್ಸ್‌ರೇ ತೆಗೆಸ್ಕೊಂಡು ಬಂದ ತಾಯಿ ಮಗುಗೆ ಹಾಲು ಕುಡಿಸ್ಬಹುದಾ ಅಂತ ಕೇಳ್ತಾರೆ, ಧಾರಾಳವಾಗಿ ಕುಡಿಸ್ಬಹುದು.

ಫಿಲಂ ವಿಷಯಕ್ಕೆ ಬಂದ್ರೆ, ನಮ್ಮ ಸೀನಿಯರ್‌ಗಳು ಡಾರ್ಕ್‌ರೂಂ ಕಾಲದೋರು. ಕೆಂಪು ದೀಪದ ಕೆಳಗೆ ಕ್ಯಾಸೆಟ್ (ಫಿಲಂ ಇಡೋ ಚಪ್ಪಟೆ ಡಬ್ಬಿ) ಬಿಚ್ಚಿ ಫಿಲಂ ತೆಗೆದು ಹ್ಯಾಂಗರ್‌ಗೆ ಸಿಗಿಸಿ ಡೆವಲಪರ್, ಆಮೇಲೆ ನೀರು, ಆಮೇಲೆ ಫಿಕ್ಸರ್, ಮತ್ತೆ ನೀರು, ಒಣಗಿಸೋದು, ಅರ್ಜೆಂಟ್ ಇದ್ರೆ ಹಸಿ ಫಿಲಮ್ಮನ್ನೇ ನೀರು ಸೋರ್ತಾ ಡಾಕ್ಟ್ರ ಟೇಬಲ್‌ಗೆ ಒಯ್ಯೋದು. ಆ ಫಿಲಂನಲ್ಲಿ ಬೆಳ್ಳಿಯ ಉಪ್ಪು ಇರ್ತಿತ್ತು, ಕಪ್ಪಾಗ್ತಿದ್ದದ್ದು ಅದೇ ಬೆಳ್ಳಿ, ಹಳೇ ಫಿಲಂ ಮತ್ತೆ ಬಳಸಿದ ಫಿಕ್ಸರ್ ಕೊಳ್ಳಕ್ಕೆ ವ್ಯಾಪಾರಿಗಳು ಬರ್ತಿದ್ದಿದ್ದು ಬೆಳ್ಳಿಗೋಸ್ಕರ. ಫಿಲಂ ನೇರವಾಗಿ ಎಕ್ಸ್‌ರೇನ ಹಿಡಿಯೋದು ತುಂಬಾ ಕಮ್ಮಿ, ಅದಕ್ಕೇ ಕ್ಯಾಸೆಟ್ ಒಳಗೆ ಎರಡೂ ಕಡೆ ಕಿರಣ ಬಿದ್ರೆ ಬೆಳಕು ಕೊಡೋ ಪರದೆ ಅಂಟಿಸಿರ್ತಿದ್ರು, ಇದಕ್ಕೆ ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಒಳ್ಳೇದು ಅಂತ 1896ರಲ್ಲೇ ಕಂಡುಹಿಡಿದಿದ್ದು ಥಾಮಸ್ ಎಡಿಸನ್. ಆ ಪರದೆಯಿಂದ ಡೋಸು ಎಷ್ಟೋ ಪಟ್ಟು ಇಳೀತು.

1983ರಲ್ಲಿ ಫ್ಯೂಜಿ ಕಂಪನಿ ಸಿಆರ್ (ಕಂಪ್ಯೂಟೆಡ್ ರೇಡಿಯೋಗ್ರಫಿ) ಅನ್ನೋದನ್ನ ಮಾರ್ಕೆಟ್ಟಿಗೆ ತಂತು, ಫಿಲಂ ಬದಲು ಒಂದು ಪ್ಲೇಟು, ಎಕ್ಸ್‌ರೇ ಬಿದ್ದ ಕಡೆ ಶಕ್ತಿ ಹಿಡಿದಿಟ್ಕೊಂಡಿರುತ್ತೆ, ರೀಡರ್‌ಗೆ ಹಾಕಿದ್ರೆ ಲೇಸರ್ ಓಡಾಡಿ ಆ ಶಕ್ತಿಯನ್ನ ಬೆಳಕಾಗಿ ಬಿಡಿಸಿ ಕಂಪ್ಯೂಟರ್‌ಗೆ ಕಳಿಸುತ್ತೆ, ಆಮೇಲೆ ಜೋರು ಬೆಳಕಲ್ಲಿ ಅಳಿಸಿ ಮತ್ತೆ ಬಳಸೋದು. ಈಗಿನ ಡಿಆರ್‌ನಲ್ಲಿ (ಡಿಜಿಟಲ್ ರೇಡಿಯೋಗ್ರಫಿ) ಅದೂ ಬೇಡ, ಪ್ಲೇಟೇ ನೇರವಾಗಿ ಕೆಲವೇ ಸೆಕೆಂಡಲ್ಲಿ ಸ್ಕ್ರೀನ್‌ಗೆ ಚಿತ್ರ ಕೊಡುತ್ತೆ. ಇದ್ರಲ್ಲಿ ನಾನು ಜೂನಿಯರ್ ಹುಡುಗರಿಗೆ ಪದೇ ಪದೇ ಹೇಳೋದು ಒಂದಿದೆ. ಫಿಲಂ ಕಾಲದಲ್ಲಿ ಡೋಸ್ ಜಾಸ್ತಿ ಆದ್ರೆ ಫಿಲಂ ಕರ್ರಗಾಗಿ ಅವತ್ತೇ ಬೈಸ್ಕೊಳ್ತಿದ್ವಿ, ಡಿಜಿಟಲ್‌ನಲ್ಲಿ ಕಂಪ್ಯೂಟರ್ ಅದನ್ನ ಸರಿಪಡಿಸಿ ಚಂದ ಮಾಡಿ ತೋರಿಸುತ್ತೆ, ಡೋಸ್ ಜಾಸ್ತಿ ಹೋದಷ್ಟೂ ಚಿತ್ರ ಇನ್ನೂ ನುಣ್ಣಗೇ ಬರುತ್ತೆ, ಯಾರಿಗೂ ಗೊತ್ತೇ ಆಗಲ್ಲ. ಸ್ಕ್ರೀನ್ ಮೂಲೆಯಲ್ಲಿ ಪ್ಲೇಟಿಗೆ ಎಷ್ಟು ಕಿರಣ ಬಿತ್ತು ಅಂತ ಹೇಳೋ ಎಕ್ಸ್‌ಪೋಷರ್ ಇಂಡೆಕ್ಸ್ ಅಂತ ಒಂದು ನಂಬರ್ ಬರುತ್ತೆ, ಅದನ್ನ ಪ್ರತೀ ಸಲ ನೋಡೋ ಟೆಕ್ನಿಷಿಯನ್ನೇ ಒಳ್ಳೇ ಟೆಕ್ನಿಷಿಯನ್. ಇನ್ನು ಪೇಷಂಟ್ ಕಡೆಯೋರಿಗೆ ಹೇಳೋದು, ಫಿಲಮ್ಮನ್ನ ಕಿಟಕಿಗೆ ಹಿಡಿದು ಮೊಬೈಲ್‌ನಲ್ಲಿ ಫೋಟೋ ಹೊಡೆದು ಬೆಂಗಳೂರು ಡಾಕ್ಟ್ರಿಗೆ ವಾಟ್ಸಾಪ್ ಮಾಡಿದ್ರೆ ಸಣ್ಣ ಬಿರುಕು, ಶ್ವಾಸಕೋಶದ ಸಣ್ಣ ಚುಕ್ಕೆ ಎಲ್ಲಾ ಅದ್ರಲ್ಲೇ ಕಳೆದುಹೋಗುತ್ತೆ, ಒರಿಜಿನಲ್ ಡಿಜಿಟಲ್ ಫೈಲ್ ಇರುತ್ತೆ, ಸಿಡಿಯಲ್ಲೋ ಲಿಂಕಲ್ಲೋ ಕೊಡಿ ಅಂತ ಕೇಳಿ ಇಸ್ಕೊಳ್ಳಿ.

ನೆರಳು ಅನ್ನೋದನ್ನ ಮರೀಬೇಡಿ, ಪೊಸಿಷನ್ ವಿಷಯ ಎಲ್ಲಾ ಅದ್ರಿಂದಲೇ ಬರೋದು. ಗೋಡೆಯಿಂದ ದೂರ ಇರೋ ವಸ್ತುವಿನ ನೆರಳು ದೊಡ್ಡದು, ಅಂಚು ಮಸುಕು. ಎದೆ ಎಕ್ಸ್‌ರೇಗೆ ಎದೆಯನ್ನ ಪ್ಲೇಟಿಗೆ ಒತ್ತಿ ನಿಲ್ಲಿಸಿ, ಬೆನ್ನ ಕಡೆಯಿಂದ 180 ಸೆಂಟಿಮೀಟರ್, ಅಂದ್ರೆ ಆರು ಅಡಿ ದೂರದಿಂದ ಹೊಡಿಯೋದು ಇದಕ್ಕೇ, ಹೃದಯ ಮುಂದುಗಡೆ ಇದೆ, ಪ್ಲೇಟಿಗೆ ಹತ್ತಿರ ಆಗುತ್ತೆ, ನಿಜವಾದ ಸೈಜಿಗೆ ಹತ್ತಿರ ಬರುತ್ತೆ. ಐಸಿಯುನಲ್ಲಿ ಮಲಗಿದ ಪೇಷಂಟ್‌ಗೆ ಬೆನ್ನ ಕೆಳಗೆ ಪ್ಲೇಟ್ ಇಟ್ಟು ಮುಂದಿನಿಂದ ಹೊಡೀತೀವಿ, ಅಲ್ಲಿ ಹೃದಯ ದೊಡ್ಡದಾಗೇ ಕಾಣೋದು, ಅದನ್ನ ನೋಡಿ ಮನೆಯೋರು ಹಾರ್ಟ್ ಊದಿದೆ ಅಂತ ಗಾಬರಿ ಬೀಳಬಾರ್ದು. "ಯಜಮಾನ್ರೆ, ಉಸ್ರು ಒಳಗೆ ಎಳ್ಕಳ್ರಿ, ಹಂಗೇ ಬಿಗಿ ಹಿಡ್ಕಳ್ರಿ, ಅಲ್ಲಾಡ್ಬ್ಯಾಡ್ರಿ" ಅಂತ ಕೂಗೋದು, ಶ್ವಾಸಕೋಶದಲ್ಲಿ ಗಾಳಿ ತುಂಬಿದಷ್ಟೂ ಕಪ್ಪು ಜಾಗ ಜಾಸ್ತಿ ಸಿಗುತ್ತೆ, ಅದ್ರಲ್ಲಿ ಬಿಳೀ ಕಲೆ ಇದ್ರೆ ಎದ್ದು ಕಾಣುತ್ತೆ ಅಂತ. ಮುರಿದ ಕೈಗೆ ಎರಡು ಫಿಲಂ ಯಾಕೆ, ದುಡ್ಡು ಕೀಳಕ್ಕಾ ಅಂತ ಸಿಟ್ಟಾಗೋರಿಗೆ ಇಷ್ಟೇ, ಒಂದು ಕಡೆಯಿಂದ ನೋಡಿದ್ರೆ ಮೂಳೆಯ ಎರಡು ತುಂಡು ಒಂದರ ಹಿಂದೆ ಒಂದು ಕೂತು ನೆಟ್ಟಗೇ ಕಾಣ್ಬಹುದು, ಪಕ್ಕದಿಂದ ತೆಗೆದಾಗಷ್ಟೇ ಸರಿದಿರೋದು ಗೊತ್ತಾಗೋದು.

ಲೋಹದ್ದು ನಮ್ಮ ಕಡೆ ದಿನಾ ಇರೋ ವಿಷಯ. ಸೊಂಟದ ಎಕ್ಸ್‌ರೇಗೆ ಬೆಳ್ಳಿ ಉಡದಾರ, ಮಕ್ಕಳ ಕೊರಳಲ್ಲಿ ತಾಯತ, ಹೆಂಗಸರಿಗೆ ತಾಳಿ. ತಾಳಿ ತೆಗೆಯಕ್ಕೆ ಮನಸ್ಸಿಲ್ಲ ಅಂದ್ರೆ ನಾನು ಬಲವಂತ ಮಾಡಲ್ಲ, ಎದೆ ಭಾಗದಿಂದ ಮೇಲಕ್ಕೆ ಸರಿಸಿ ಹಿಡ್ಕೊಳ್ಳಿ ಅಕ್ಕಾ ಅಂತೀನಿ, ಎಷ್ಟೋ ಸಲ ಅಷ್ಟು ಸಾಕಾಗುತ್ತೆ. ಆದ್ರೆ ಮುಚ್ಚಿಟ್ಕೊಂಡು ನಿಂತ್ರೆ ಲೋಹದ ಅಚ್ಚ ಬಿಳೀ ನೆರಳು ಸರಿಯಾಗಿ ನೋಡ್ಬೇಕಾದ ಜಾಗದ ಮೇಲೇ ಕೂರುತ್ತೆ.

ಅಪಾಯದ ಬಗ್ಗೆ. ಶುರುವಿನಲ್ಲಿ ಯಾರಿಗೂ ಗೊತ್ತಿರ್ಲಿಲ್ಲ, ಟ್ಯೂಬ್ ಸರಿ ಇದೆಯಾ ಅಂತ ನೋಡಕ್ಕೆ ತಮ್ಮ ಕೈಯನ್ನೇ ದಿನಾ ಅಡ್ಡ ಹಿಡೀತಿದ್ರು. ಎಡಿಸನ್ ಹತ್ರ ಕೆಲಸ ಮಾಡ್ತಿದ್ದ ಕ್ಲಾರೆನ್ಸ್ ಡ್ಯಾಲಿ ಕೈಗೆ ಹುಣ್ಣಾಗಿ, ಕ್ಯಾನ್ಸರ್ ಆಗಿ, ಕೈಗಳನ್ನ ಕತ್ತರಿಸಿದ್ರೂ ಉಳೀಲಿಲ್ಲ, 1904ರಲ್ಲಿ ತೀರ್ಕೊಂಡ್ರು, ಅವರಿಗೆ ಆಗಿದ್ದನ್ನ ನೋಡಿ ಎಡಿಸನ್ ಎಕ್ಸ್‌ರೇ ಕೆಲಸವನ್ನೇ ಬಿಟ್ಟುಬಿಟ್ರು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಆಸ್ಪತ್ರೆ ಆವರಣದಲ್ಲಿ ಹಿಂಗೆ ಸತ್ತ ಡಾಕ್ಟ್ರು, ಟೆಕ್ನಿಷಿಯನ್, ವಿಜ್ಞಾನಿಗಳ ಹೆಸರು ಕೆತ್ತಿದ ಕಲ್ಲು ಇದೆ, 1936ರಲ್ಲಿ ನಿಲ್ಲಿಸಿದಾಗ 169 ಹೆಸರಿತ್ತು. ನಮ್ಮ ವೃತ್ತಿಯ ಹಿರಿಯರು ಅವರು. ನಾವಿವತ್ತು ಸೀಸದ ಗಾಜಿನ ಹಿಂದೆ ನಿಂತು ಸ್ವಿಚ್ ಒತ್ತೋದು, ಎದೆ ಮೇಲೆ ಮೈಗೆ ಎಷ್ಟು ಕಿರಣ ಬಿತ್ತು ಅಂತ ಲೆಕ್ಕ ಇಡೋ ಟಿಎಲ್‌ಡಿ ಬ್ಯಾಡ್ಜ್ ಹಾಕ್ಕೊಂಡು ಅದನ್ನ ಆಗಾಗ ಅಳತೆಗೆ ಕಳಿಸೋದು, ಎಕ್ಸ್‌ರೇ ರೂಮಿಗೆ ದಪ್ಪ ಗೋಡೆ, ಅಣುಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಇಲ್ಲದೆ ಮಷೀನ್ ಓಡಿಸಂಗಿಲ್ಲ ಅನ್ನೋ ರೂಲು, ಎಲ್ಲಾ ಅವರ ಸಾವಿನಿಂದ ಕಲಿತಿದ್ದು.

ಹಂಗಂತ ಇವತ್ತಿನ ಒಂದು ಎದೆ ಎಕ್ಸ್‌ರೇಗೆ ಹೆದರೋ ಅಗತ್ಯ ಇಲ್ಲ. ಅದರ ಡೋಸು ಸುಮಾರು 0.02 ಮಿಲಿಸೀವರ್ಟ್, ಮೈಗೆ ಬೀಳೋ ಕಿರಣ ಅಳೆಯೋ ಅಳತೆ ಅದು. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ಸುಮ್ಮನೆ ಬದುಕಿರೋದಕ್ಕೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತೆ, ಅಂದ್ರೆ ಒಂದು ಎದೆ ಎಕ್ಸ್‌ರೇ ಅಂದ್ರೆ ಮೂರು ದಿನ ಬದುಕಿದಷ್ಟು. ಸಿಟಿ ಸ್ಕ್ಯಾನ್ ಬೇರೆ ಲೆಕ್ಕ, ಹೊಟ್ಟೆಯ ಸಿಟಿಗೆ 8, 10 ಮಿಲಿಸೀವರ್ಟ್ ಆಗ್ಬಹುದು, ಯಾಕಂದ್ರೆ ಅದು ಸುತ್ತಲೂ ನೂರಾರು ಕೋನದಿಂದ ನೆರಳು ತೆಗೆದು ಕಂಪ್ಯೂಟರ್‌ನಲ್ಲಿ ಜೋಡಿಸಿ ಒಳಗಿನ ಸ್ಲೈಸ್ ಕಟ್ಟೋದು, 1971ರ ಅಕ್ಟೋಬರ್‌ನಲ್ಲಿ ಲಂಡನ್‌ನ ಆಸ್ಪತ್ರೆಯಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಮಾಡಿದ ಮಷೀನ್‌ನಲ್ಲಿ ಮೊದಲ ಪೇಷಂಟ್‌ನ ಮೆದುಳು ನೋಡಿದ್ರು, 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್‌ಗೂ ನೊಬೆಲ್ ಬಂತು. ತಲೆಗೆ ಪೆಟ್ಟಾದಾಗ ಅದು ಜೀವ ಉಳಿಸುತ್ತೆ, ಆದ್ರೆ "ಒಂದ್ಸಲ ಫುಲ್ ಬಾಡಿ ಸ್ಕ್ಯಾನ್ ಮಾಡಿಬಿಡ್ರಿ ಸಾರ್" ಅಂತ ಡಾಕ್ಟ್ರಿಗೆ ಒತ್ತಾಯ ಮಾಡೋದು ಬೇಡ. ಗರ್ಭಿಣಿ ಆಗಿರೋ ಸಾಧ್ಯತೆ ಇದ್ರೆ ನಾಚಿಕೆ ಬಿಟ್ಟು ಮೊದಲೇ ಹೇಳಿ. ಮತ್ತೆ ಒಬ್ಬ ಪೇಷಂಟ್ ಜತೆ ಐದು ಜನ ರೂಮಿನೊಳಗೆ ಬರೋದು ಬೇಡ, ಮಗು ಹಿಡ್ಕೊಳ್ಳಕ್ಕೆ ಒಬ್ಬರು ಸಾಕು, ಅವರಿಗೂ ಏಪ್ರನ್ ಕೇಳಿ ಇಸ್ಕೊಳ್ಳಿ. ಎರಡು ಪಟ್ಟು ದೂರ ನಿಂತ್ರೆ ಕಿರಣ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ, ದೂರಕ್ಕಿಂತ ಅಗ್ಗದ ರಕ್ಷಣೆ ಇಲ್ಲ.

ಇನ್ನು ನಮ್ಮ ಊರಿನ ಎಲುಬು, ಎದೆ ವಿಷಯ. ದಾವಣಗೆರೆ ಹತ್ತಿ ಮಿಲ್ಲುಗಳ ಊರಾಗಿತ್ತು. ಮಿಲ್ಲಲ್ಲಿ ದುಡಿದ ಎಷ್ಟೋ ಹಿರಿಯರಿಗೆ ಹತ್ತಿ ಧೂಳಿನ ಉಬ್ಬಸ, ರಜಾ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯೋದು, ಬಿಸಿನೋಸಿಸ್ ಅಂತಾರೆ. ಇದ್ರಲ್ಲಿ ಎಕ್ಸ್‌ರೇಲಿ ಅದಕ್ಕೇ ಅಂತ ಇರೋ ಗುರುತು ಏನೂ ಕಾಣಲ್ಲ, ಉಸಿರಿನ ಟೆಸ್ಟ್ ಮಾಡಿಸ್ಬೇಕು. ಕಲ್ಲು ಕ್ವಾರಿ, ಕ್ರಷರ್ ಕೆಲಸದೋರದ್ದು ಉಲ್ಟಾ, ಕಲ್ಲಿನ ಧೂಳಿನ ಸಿಲಿಕೋಸಿಸ್ ಶ್ವಾಸಕೋಶದ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಬಿಳೀ ಚುಕ್ಕೆಯಾಗಿ ಕಾಣುತ್ತೆ, ಟಿಬಿ ಅಂತ ತಪ್ಪು ತಿಳಿಯೋ ಸಾಧ್ಯತೆ ಇದೆ, ಎರಡೂ ಒಟ್ಟಿಗೆ ಇರೋದೂ ಉಂಟು. ಡಾಕ್ಟ್ರಿಗೆ ಏನು ಕೆಲಸ ಮಾಡ್ತಿದ್ರಿ ಅನ್ನೋದು ಹೇಳ್ಲೇಬೇಕು, ನೆರಳು ಒಂದೇ ಎಲ್ಲಾ ಹೇಳಲ್ಲ.

ಮೂಳೆಯದ್ದು ನೀರಿನ ಕತೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆ ಮಳೆ ಕಮ್ಮಿ, ಆಳದ ಬೋರ್‌ವೆಲ್ ನೀರು ಗಟ್ಟಿ ಕಲ್ಲಿನ ಸಂದಿಯಲ್ಲಿ ತುಂಬಾ ಕಾಲ ನಿಂತು ಕಲ್ಲಿನಲ್ಲಿರೋ ಫ್ಲೋರೈಡ್ ಕರಗಿಸ್ಕೊಂಡು ಬರುತ್ತೆ. ಕುಡಿಯೋ ನೀರಿನಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರು ಇಲ್ಲವೇ ಇಲ್ಲ ಅಂದ್ರೆ 1.5 ತನಕ ಅನ್ನೋದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿ ಇರೋ ನೀರನ್ನ ವರ್ಷಗಟ್ಟಲೆ ಕುಡಿದ್ರೆ ಮೊದಲು ಮಕ್ಕಳ ಹಲ್ಲಲ್ಲಿ ಕಂದು ಪಟ್ಟೆ, ಆಮೇಲೆ ಬೆನ್ನು, ಕುತ್ತಿಗೆ, ಮಂಡಿ ಬಿಗಿತ, ಕೊನೆಗೆ ಬಗ್ಗಿದ ಬೆನ್ನು ನೆಟ್ಟಗಾಗಲ್ಲ. ಈ ಕಾಯಿಲೆಗೆ ಫ್ಲೋರೋಸಿಸ್ ಅಂತಾರೆ.

ಇದು ಮೂಳೆಯ ಕಾಯಿಲೆ ಅಂತ ಪ್ರಪಂಚಕ್ಕೆ ತೋರಿಸಿಕೊಟ್ಟಿದ್ದೇ ಎಕ್ಸ್‌ರೇ. 1932ರಲ್ಲಿ ಡೆನ್ಮಾರ್ಕ್‌ನ ಮೋಲರ್ ಮತ್ತೆ ಗುಡ್‌ಯಾನ್ಸನ್ ಅನ್ನೋ ವೈದ್ಯರು ಕ್ರಯೊಲೈಟ್ ಖನಿಜದ ಫ್ಯಾಕ್ಟರಿ ಕೆಲಸಗಾರರ ಎಕ್ಸ್‌ರೇಲಿ ವಿಪರೀತ ಬೆಳ್ಳಗಿದ್ದ ಮೂಳೆಗಳನ್ನ ಕಂಡು ವರದಿ ಮಾಡಿದ್ರು, ಆ ಖನಿಜದಲ್ಲಿ ಫ್ಲೋರೈಡ್ ಇದೆ. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆ ಹಳ್ಳಿಗಳಲ್ಲಿ ಇದೇ ಕಾಯಿಲೆ ಬಾವಿ ನೀರಿನಿಂದ ಆಗ್ತಿದೆ ಅಂತ ಶಾರ್ಟ್ ಮತ್ತೆ ಅವರ ಜತೆಗಾರರು ಬರೆದ್ರು, ಅದ್ರಲ್ಲಿ ಎಕ್ಸ್‌ರೇ ನೋಡಿದೋರು ಬರ್ನಾರ್ಡ್, ಮದ್ರಾಸಿನ ಬರ್ನಾರ್ಡ್ ರೇಡಿಯಾಲಜಿ ಇನ್‌ಸ್ಟಿಟ್ಯೂಟ್‌ಗೆ ಇರೋದು ಅವರದ್ದೇ ಹೆಸರು.

ಈಗ ಮೊದಲು ಹೇಳಿದ ಪರಮಾಣು ಸಂಖ್ಯೆ ಲೆಕ್ಕ ತಗೊಳ್ಳಿ. ಫ್ಲೋರಿನ್ ಸಂಖ್ಯೆ ಬರೀ 9, ಆಕ್ಸಿಜನ್ ಪಕ್ಕದ್ದು, ಅದು ತಾನಾಗಿ ಕಿರಣವನ್ನ ತಡೆಯಲ್ಲ. ಹಂಗಾದ್ರೆ ಮೂಳೆ ಯಾಕೆ ಅಷ್ಟು ಬೆಳ್ಳಗೆ? ಫ್ಲೋರೈಡ್ ಮೂಳೆ ಕಟ್ಟೋ ಜೀವಕೋಶಗಳನ್ನ ಕೆರಳಿಸುತ್ತೆ, ಅವು ಬೇಡದಿದ್ರೂ ಮೂಳೆ ಮೇಲೆ ಮೂಳೆ ಹಾಕ್ತಾ ಹೋಗ್ತವೆ, ಬಿಳಿ ಆಗೋದು ಹಂಗೆ ಬಂದ ಹೆಚ್ಚುವರಿ ಕ್ಯಾಲ್ಸಿಯಂ. ಬೆನ್ನೆಲುಬು, ಸೊಂಟದ ಎಲುಬುಗಳಲ್ಲಿ ಒಳಗಿನ ಸಣ್ಣ ಗೆರೆಗಳ ಹೆಣಿಗೆ ಮೊದಲು ದಪ್ಪ ಆಗಿ, ಆಮೇಲೆ ಒಂದಕ್ಕೊಂದು ಸೇರಿ ಕಾಣದಂಗಾಗುತ್ತೆ. ಮೂಳೆಗೆ ಮೂಳೆ ಬಿಗಿಯೋ ಲಿಗಮೆಂಟ್‌ಗಳು, ಸಾಮಾನ್ಯವಾಗಿ ಎಕ್ಸ್‌ರೇಲಿ ಕಾಣಲ್ಲ ಅಂದ್ನಲ್ಲ, ಇಲ್ಲಿ ಅವುಗಳಲ್ಲೂ ಕ್ಯಾಲ್ಸಿಯಂ ಕೂತು ಬೆಳ್ಳಗೆ ಕಾಣಕ್ಕೆ ಶುರುವಾಗ್ತವೆ. ಮುಂಗೈಯ ಎರಡು ಮೂಳೆಗಳ ನಡುವೆ ಒಂದು ಪೊರೆ ಇದೆ, ಅದರ ಅಂಚಲ್ಲಿ ಬಿಳೀ ಮೊನಚು ಗೆರೆ ಎದ್ದಿದ್ರೆ ಅದು ಫ್ಲೋರೋಸಿಸ್‌ನ ತುಂಬಾ ಒಳ್ಳೇ ಗುರುತು. ಬೆನ್ನು ಬಿಗಿತದ ಇನ್ನೊಂದು ಕಾಯಿಲೆ ಇದೆ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಬೆನ್ನಿನ ಫಿಲಂ ಒಂದನ್ನೇ ನೋಡಿದ್ರೆ ಗೊಂದಲ ಆಗ್ಬಹುದು, ಆದ್ರೆ ಅದ್ರಲ್ಲಿ ಹೋಗ್ತಾ ಹೋಗ್ತಾ ಸಾಮಾನ್ಯವಾಗಿ ಮೂಳೆ ಸಾಂದ್ರತೆ ಕಮ್ಮಿ ಆಗುತ್ತೆ, ಇದ್ರಲ್ಲಿ ಜಾಸ್ತಿ.

ಅದಕ್ಕೇ ಬೆಳ್ಳಗೈತೆ, ಗಟ್ಟಿ ಐತೆ ಅನ್ನೋದನ್ನ ಒಪ್ಪಕ್ಕಾಗಲ್ಲ. ಆ ಮೂಳೆ ಭಾರ ಜಾಸ್ತಿ, ಗುಣ ಕಮ್ಮಿ, ಬಗ್ಗೋ ಗುಣ ಹೋಗಿ ಪಟ್ ಅಂತ ಮುರಿಯೋ ಸಾಧ್ಯತೆ ಇದೆ, ಬೆನ್ನೆಲುಬಿನೊಳಗಿನ ದಾರಿ ಕಿರಿದಾಗಿ ನರ ಒತ್ತಿ ಕಾಲು ಸೋಲ್ಬಹುದು. ಉಲ್ಟಾ ಲೆಕ್ಕವೂ ಇದೆ, ವಯಸ್ಸಾದ ಹೆಂಗಸರಲ್ಲಿ ಮೂಳೆ ಸವೆತ ಮೂರನೇ ಒಂದು ಭಾಗದಷ್ಟು ಆಗೋ ತನಕ ಮಾಮೂಲಿ ಎಕ್ಸ್‌ರೇಲಿ ಗೊತ್ತಾಗೋದೇ ಕಷ್ಟ, ಅದಕ್ಕೆ ಮೂಳೆ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನ್ ಬೇಕು.

ನಮ್ಮ ಕಡೆ ಮಂಡಿ ನೋವು, ಬೆನ್ನು ನೋವು ಅಂದ್ರೆ ವಯಸ್ಸಾಯ್ತು, ವಾಯು ಅಂತ ಎಣ್ಣೆ ಹಚ್ಕೊಂಡು ಕೂರ್ತಾರೆ, ನೋವಿನ ಮಾತ್ರೆ ನುಂಗ್ತಾ ವರ್ಷ ಕಳೀತಾರೆ. ಬೋರ್ ನೀರು ಕುಡಿಯೋ ಊರಿನೋರು, ಮನೆಯಲ್ಲಿ ಮಕ್ಕಳ ಹಲ್ಲಿಗೂ ಕಂದು ಪಟ್ಟೆ ಇದೆ ಅಂದ್ರೆ ಅದನ್ನ ಡಾಕ್ಟ್ರಿಗೆ ಹೇಳಿ, ಮುಂಗೈದೂ ಒಂದು ಎಕ್ಸ್‌ರೇ ಬೇಕಾ ಅಂತ ಕೇಳಿ, ಕಮ್ಮಿ ಖರ್ಚು, ಡೋಸು ಎದೆಗಿಂತಲೂ ಕಮ್ಮಿ. ಮೂಳೆಯಲ್ಲಿ ಕೂತಿದ್ದನ್ನ ಕರಗಿಸೋ ಔಷಧಿ ಇಲ್ಲ, ನೀರು ಬದಲಾಯಿಸೋದೇ ಮದ್ದು, ಮಕ್ಕಳಿದ್ದಾಗಲೇ ಬದಲಾಯಿಸಿದ್ರೆ ಅವರು ಉಳ್ಕೊಳ್ತಾರೆ. ನೀರನ್ನ ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತೆ, ಬಟ್ಟೆಯಲ್ಲಿ ಸೋಸಿದ್ರೂ ಹೋಗಲ್ಲ, ಆರ್‌ಓ ಇಲ್ಲಾ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಬೇಕು, ಮಳೆ ನೀರು ಹಿಡಿದಿಟ್ರೆ ಅದ್ರಲ್ಲಿ ಈ ತೊಂದ್ರೆ ಇಲ್ಲ. ಈಗ ಸುಮಾರು ಹಳ್ಳಿಗಳಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸೋ ಶುದ್ಧ ನೀರಿನ ಘಟಕ ಇದಾವೆ, ಜನ ಕುಡಿಯಕ್ಕೆ ಆ ನೀರು ತರ್ತಾರೆ, ಆದ್ರೆ ಸಾರು, ಮುದ್ದೆ, ಅನ್ನ, ಟೀ ಎಲ್ಲಾ ಬೋರ್ ನೀರಲ್ಲೇ ಮಾಡ್ತಾರೆ. ಮುದ್ದೆ ತಿರುವೋ ನೀರೂ ಹೊಟ್ಟೆಗೇ ಹೋಗೋದು, ಅಡುಗೆಗೂ ಕ್ಯಾನ್ ನೀರನ್ನೇ ಹಾಕಿ.